ಹನ್ನೆರಡು ಗಜದ ದೂರ

ಸರಕಾರಿ ಕಛೇರಿಯ ಗುಮಾಸ್ತನಿಗೆ ಫುಟ್‌ಬಾಲಿನ ಗೊಡವೆ ಏತಕ್ಕೆ ಎಂದು ವಾಚಕರು ಹುಬ್ಬೇರಿಸಿಯಾರು. ನಾನಾಗಿ ಹಚ್ಚಿಕೊಂಡ ಗೊಡವೆ ಇದಲ್ಲ. ಮದುವೆಯ ಬಳುವಳಿಯಾಗಿ ಬಂದದ್ದು. ನನ್ನಾಕೆಯ ತಮ್ಮ ಎರಡು ವರ್ಷಗಳ ಕೆಳಗೆ ಒಂದು ಟ್ರಂಕು, ಒಂದು ಜೊತೆ ಬೂಟು, ತಾಯಿ ಕಟ್ಟಿಕೊಟ್ಟ ಹಪ್ಪಳದ ಕಟ್ಟು ಇಷ್ಟನ್ನು ಹೊತ್ತುಕೊಂಡು ಉಡುಪಿಯಿಂದ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಿಳಿದ. ಹಪ್ಪಳ ಎಂಟು ದಿನಗಳಲ್ಲಿ ಮುಗಿಯಿತು. ಬೂಟು ಇಂದಿಗೂ ಬಾಗಿಲ ಹಿಂದೆ ಕೆಸರು ಮೆತ್ತಿಕೊಂಡು ಕುಳಿತಿದೆ.

ಅವನು ಬಂದದ್ದು ಆಟದ ಹುಚ್ಚಿನಿಂದಲೇ ಅಲ್ಲ. ಕ್ರೀಡಾಪಟುಗಳಿಗೆಂದು ಸರಕಾರಿ ಇಲಾಖೆಗಳಲ್ಲಿ ಮೀಸಲಿಟ್ಟ ಕೆಲವು ಹುದ್ದೆಗಳಿರುತ್ತವೆ. ಅರ್ಜಿ ಹಾಕಬೇಕು, ಮೈದಾನದಲ್ಲಿ ಟ್ರಯಲ್ ಆಡಿ ತೋರಿಸಬೇಕು, ಪಟ್ಟಿಯಲ್ಲಿ ಹೆಸರು ಬರಬೇಕು. ಬಂದರೆ ನನ್ನಂತೆಯೇ ಕುರ್ಚಿ, ಮೇಜು, ಕಡತ, ತಿಂಗಳ ಮೊದಲ ತಾರೀಖು. ಊರಿನಲ್ಲಿ ಮಾವನವರಿಗೆ ಎರಡು ಎಕರೆಗೂ ಕಡಿಮೆ ಗದ್ದೆ. ಅದರ ಮೇಲೆ ಮನೆ ಕಟ್ಟಿದ ಸಾಲ. ಹುಡುಗನಿಗೆ ವಯಸ್ಸಿನ ಮಿತಿ ಹತ್ತಿರವಾಗುತ್ತಿದೆ. ಹೀಗಾಗಿ ಅವನು ಒದೆಯುವ ಚೆಂಡಿನ ಹಿಂದೆ ಒಂದು ಸಂಸಾರವೇ ಓಡುತ್ತಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಆಟ ಹೇಗೆ ಎಂದು ಕೇಳಿದರೆ, ಸಂಜೆಯ ಹೊತ್ತು ನೋಡಬೇಕು. ಕಛೇರಿ ಬಿಟ್ಟು ನಾನು ಆಜಾದ್ ಮೈದಾನದ ಅಂಚಿನಲ್ಲಿ ವಡಾಪಾವ್ ಹಿಡಿದು ನಿಲ್ಲುತ್ತೇನೆ. ಪಕ್ಕದ ಕ್ರಿಕೆಟ್ಟಿನ ಚೆಂಡು ಯಾವ ಗಳಿಗೆಯಲ್ಲಿ ತಲೆಗೆ ಬಡಿದೀತೋ ಎಂಬ ಭಯವನ್ನು ಸಹಿಸಿಕೊಂಡು ನೋಡಿದರೆ, ನಮ್ಮ ಹುಡುಗ ಮೂವರನ್ನು ತಪ್ಪಿಸಿ, ನಾಲ್ಕನೆಯವನ ಕಾಲ ಸಂದಿಯಲ್ಲಿ ಚೆಂಡನ್ನು ತೂರಿಸಿ, ತಾನೇ ನಗುತ್ತ ಬರುತ್ತಾನೆ. ಅದೇ ಹುಡುಗ ಮೊದಲ ಟ್ರಯಲ್ಲಿನ ದಿನ ಬೆಳಗಿನ ಜಾವಕ್ಕೆದ್ದು ನಾಲ್ಕು ಸಲ ಪಾಯಖಾನೆಗೆ ಹೋದ. ಅಕ್ಕ ಮಾಡಿಕೊಟ್ಟ ಅವಲಕ್ಕಿ ಗಂಟಲಿಳಿಯಲಿಲ್ಲ. ಲೋಕಲ್ ಗಾಡಿಯಲ್ಲಿ ಅವನ ಕೈ ಮುಟ್ಟಿ ನೋಡಿದೆ, ಮಂಜುಗಡ್ಡೆ. ಮೈದಾನದಲ್ಲಿ ಚೆಂಡು ಅವನ ಕಾಲಿಗೆ ಬಂದು ಗೋಡೆಗೆ ತಾಗಿದಂತೆ ತಾಗಿ ಹಿಂದಿರುಗುತ್ತಿತ್ತು. ಅರ್ಧ ಗಂಟೆಯಲ್ಲಿ ಅವನನ್ನು ಹೊರಗೆ ಕರೆದರು.

“ಎಂತ ಹೇಳುವುದು ಭಾವ,” ಎಂದ ಹಿಂದಿರುಗುವ ಗಾಡಿಯಲ್ಲಿ. “ಚೆಂಡು ಬರುವುದು ಕಾಣ್ತದೆ. ಏನು ಮಾಡಬೇಕು ಅಂತ ಗೊತ್ತುಂಟು. ಕಾಲು ಮಾತ್ರ ನನ್ನದಲ್ಲ.”

ಈ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಇಲಾಖೆಯ ಪರೀಕ್ಷೆಗೆ ಕುಳಿತಾಗ ಗೊತ್ತಿದ್ದ ನಿಯಮಗಳೆಲ್ಲ ಪ್ರಶ್ನಪತ್ರಿಕೆಯನ್ನು ಕಂಡೊಡನೆ ಕಿಟಕಿಯಿಂದ ಹಾರಿಹೋಗುವ ಅನುಭವ ಯಾವ ಗುಮಾಸ್ತನಿಗಿಲ್ಲ? ಆದರೆ ಗುಮಾಸ್ತನಿಗೆ ಮೂರು ಗಂಟೆ ಸಮಯವುಂಟು. ಅಂಜಿಕೆ ಇಳಿಯುವವರೆಗೆ ಪೆನ್ನಿನ ಮುಚ್ಚಳ ಕಚ್ಚುತ್ತ ಕೂರಬಹುದು. ಆಟಗಾರನಿಗೆ ಆ ಸವಲತ್ತು ಎಲ್ಲಿಯದು? ನಾನು ಗ್ರಂಥಭಂಡಾರದಲ್ಲಿಯೂ ಇತ್ತೀಚೆಗೆ ಎಲ್ಲರ ಕೈಯಲ್ಲಿರುವ ಯಂತ್ರದಲ್ಲಿಯೂ ಸಿಕ್ಕಿದ್ದನ್ನು ಓದತೊಡಗಿದೆ. ಬಿ.ಎ.ಯಲ್ಲಿ ಮನೋವಿಜ್ಞಾನವನ್ನು ಒಂದು ವರ್ಷ ಉರು ಹೊಡೆದದ್ದು ಇಷ್ಟು ಕಾಲದ ಮೇಲೆ ಉಪಯೋಗಕ್ಕೆ ಬಂತು.

ಪಂಡಿತರು ಈ ಅಂಜಿಕೆಯನ್ನು ಒಂದೇ ವಸ್ತುವೆಂದು ತಿಳಿಯುವುದಿಲ್ಲ. ಅಮೆರಿಕದ ರೈನರ್ ಮಾರ್ಟೆನ್ಸ್ ಎಂಬವರೂ ಅವರ ಸಂಗಡಿಗರೂ ಕೂಡಿ ಆಟಗಾರರಿಗಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿ, 1990ರಲ್ಲಿ ಅದನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು. ಪಂದ್ಯಕ್ಕೆ ಸ್ವಲ್ಪ ಮುಂಚೆ ಆಟಗಾರನ ಕೈಗೆ ಕೊಡುವಂಥದು. ಅದರಲ್ಲಿ ಇಪ್ಪತ್ತೇಳು ವಾಕ್ಯಗಳು. ಒಂಬತ್ತು ಮನಸ್ಸಿನ ಚಿಂತೆಗೆ: ಸೋತರೆ ಏನು, ನನ್ನಿಂದ ಆಗದಿದ್ದರೆ ಏನು ಎಂಬ ಬಗೆಯವು. ಒಂಬತ್ತು ದೇಹದ ತಳಮಳಕ್ಕೆ: ಎದೆ ಬಡಿತ, ಬಿಗಿದ ಸ್ನಾಯು, ಹೊಟ್ಟೆ ತೊಳಸುವುದು. ಉಳಿದ ಒಂಬತ್ತು ಆತ್ಮವಿಶ್ವಾಸಕ್ಕೆ. ಮೂರಕ್ಕೂ ಬೇರೆ ಬೇರೆ ಅಂಕ. ಒಬ್ಬನಿಗೆ ದೇಹದ ತಳಮಳ ಬೆಟ್ಟದಷ್ಟಿದ್ದು ಆತ್ಮವಿಶ್ವಾಸವೂ ಅಷ್ಟೇ ಇರಬಹುದು; ಇನ್ನೊಬ್ಬನ ಕೈಕಾಲು ತಣ್ಣಗಿದ್ದು ಒಳಗೆ ಚಿಂತೆಯ ಗಿರಣಿ ಬೀಸುತ್ತಿರಬಹುದು.

ದೇಹದ ತಳಮಳ ಒಲೆಯ ಮೇಲಿನ ಹಾಲಿನಂತೆ. ಪಂದ್ಯ ಹತ್ತಿರ ಬಂದಷ್ಟೂ ಉಕ್ಕುತ್ತದೆ. ರೆಫ್ರಿಯ ಸೀಟಿ ಕೇಳಿ ನಾಲ್ಕು ಹೆಜ್ಜೆ ಓಡಿದೊಡನೆ ಸಾಧಾರಣವಾಗಿ ಇಳಿಯುತ್ತದೆ. ಮನಸ್ಸಿನ ಚಿಂತೆಯ ಜಾತಿಯೇ ಬೇರೆ. ವಾರದ ಮುಂಚೆಯೇ ಮನೆಗೆ ಬಂದು, ಚಾಪೆ ಹಾಸಿಕೊಂಡು, ಪಂದ್ಯದ ನಡುವೆಯೂ ಏಳದೆ ಕುಳಿತುಕೊಳ್ಳುವ ನೆಂಟ ಅದು. ನಮ್ಮ ಹುಡುಗನನ್ನು ಕಾಡಿದ್ದು ಈ ಎರಡನೆಯದು ಎಂದು ನನ್ನ ತರ್ಕ. ಅವನ ಕಾಲಿಗೆ ಬಂದ ಪ್ರತಿಯೊಂದು ಚೆಂಡಿನೊಡನೆ ಮಾವನವರ ಸಾಲದ ಕಂತೂ ಉರುಳಿ ಬರುತ್ತಿತ್ತು.

ಎದೆ ಬಡಿಯುವುದೇ ಕೆಟ್ಟದ್ದು ಎನ್ನುವಂತೆಯೂ ಇಲ್ಲ. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳನ್ನಿಟ್ಟುಕೊಂಡು ಪರೀಕ್ಷೆ ನಡೆಸಿ, ಕಷ್ಟದ ಕೆಲಸ ಕಲಿಯಲು ಪ್ರಚೋದನೆ ತೀರ ಕಡಿಮೆಯಾದರೂ ಆಗದು, ತೀರ ಹೆಚ್ಚಾದರೂ ಆಗದು ಎಂದು ಕಂಡುಕೊಂಡರು. ಇಲಿಗಳ ತನಕ ಹೋಗುವ ಅಗತ್ಯವೂ ನನಗೆ ಕಾಣುವುದಿಲ್ಲ. ನಮ್ಮೂರ ಕಡೆಯ ಯಕ್ಷಗಾನದ ಚೌಕಿಯಲ್ಲಿ ಕೂತು ನೋಡಿದವರಿಗೆ ಇದೆಲ್ಲ ಗೊತ್ತು. ನಾನು ಚಿಕ್ಕವನಿದ್ದಾಗ ಒಬ್ಬ ವಯಸ್ಸಾದ ವೇಷಧಾರಿ, ಮೂವತ್ತು ವರ್ಷ ಮೇಳದಲ್ಲಿ ತಿರುಗಿದವರು, ಕಿರೀಟ ಕಟ್ಟಿಸಿಕೊಂಡ ಮೇಲೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅವರ ಬೆರಳು ನಡುಗುತ್ತಿದ್ದುದನ್ನು ಕಂಡು ಕೇಳಿಯೇಬಿಟ್ಟೆ. “ಚೆಂಡೆಗೆ ಪೆಟ್ಟು ಬೀಳುವವರೆಗೆ ಇದು ಹೊಟ್ಟೆಯಲ್ಲಿರ್ತದೆ ಮಗೂ, ಬಿದ್ದ ಮೇಲೆ ಕಾಲಿಗೆ ಇಳೀತದೆ. ಇದು ಬಾರದ ದಿವಸ ನನ್ನ ಕುಣಿತ ಸಪ್ಪೆ,” ಎಂದರು. ಅದೇ ನಡುಕವನ್ನು ಒಬ್ಬನು ‘ನಾನು ಸಿದ್ಧನಾದೆ’ ಎಂದು ಓದಿಕೊಳ್ಳುತ್ತಾನೆ, ಮತ್ತೊಬ್ಬನು ‘ನಾನು ಕೆಟ್ಟೆ’ ಎಂದು ಓದಿಕೊಳ್ಳುತ್ತಾನೆ. 1990ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರು ಒತ್ತಿ ಹೇಳಿದ್ದೂ ಇದನ್ನೇ: ಆತ್ಮವಿಶ್ವಾಸವುಳ್ಳವನಿಗೆ ತಳಮಳ ಇಲ್ಲವೆಂದಲ್ಲ, ಅದರ ಅರ್ಥ ಬೇರೆಯಾಗಿ ತೋರುತ್ತದೆ.

ಇದನ್ನೆಲ್ಲ ಸೂಜಿಯ ಮೊನೆಯಲ್ಲಿಟ್ಟು ತೋರಿಸುವುದು ಪೆನಾಲ್ಟಿ ಒದೆತ. ಗೋಲಿನ ಅಗಲ ಎಂಟು ಗಜ, ಎತ್ತರ ಎಂಟು ಅಡಿ. ಚೆಂಡಿರುವುದು ಹನ್ನೆರಡು ಗಜದ ದೂರದಲ್ಲಿ. ಎದುರಿಗೆ ಒಬ್ಬನೇ ಒಬ್ಬ. ನಮ್ಮ ಬೀದಿಯ ಹುಡುಗರೂ ಹತ್ತಕ್ಕೆ ಏಳೆಂಟು ಹಾಕಿಯಾರು. ಆದರೂ 1994ರ ಜುಲೈ 17ರಂದು, ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಇಟಲಿಯ ರೊಬರ್ಟೊ ಬಾಜ್ಜೊ ಒದ್ದ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿ ಹೋಯಿತು. ಕಪ್ಪು ಬ್ರೆಜಿಲಿನ ಪಾಲಾಯಿತು. ಆ ಪಂದ್ಯಾವಳಿಯ ಕಡೆಯ ಸುತ್ತುಗಳಲ್ಲಿ ಐದು ಗೋಲು ಹೊಡೆದು ಇಟಲಿಯನ್ನು ಅಲ್ಲಿಯವರೆಗೆ ಹೊತ್ತು ತಂದವನೇ ಅವನು. ಅವನಿಗಿಂತ ಮುಂಚೆ ಅದೇ ತಂಡದ ಬರೇಸಿ, ಮಸ್ಸಾರೊ ಇಬ್ಬರೂ ತಪ್ಪಿದ್ದರು. ಜನರ ನೆನಪಿನಲ್ಲಿ ಉಳಿದದ್ದು ಬಾಜ್ಜೊ ತಲೆ ತಗ್ಗಿಸಿ ನಿಂತ ಚಿತ್ರ ಮಾತ್ರ. ಲೋಕದ ನ್ಯಾಯ ಹೀಗೆಯೇ. ಸಾವಿರ ಕಡತ ಸರಿಯಾಗಿ ಕಳಿಸಿದ ಗುಮಾಸ್ತನ ಒಂದು ಕಡತ ತಡವಾದರೆ ಹೆಸರು ಬರುವುದು ಅದರಿಂದಲೇ.

ನಾರ್ವೆಯ ಗೇರ್ ಯೋರ್ಡೆಟ್ ಎಂಬ ಮನೋವಿಜ್ಞಾನಿ ಇಂಥ ನೂರಾರು ಒದೆತಗಳ ಚಿತ್ರಗಳನ್ನು ನಿಧಾನವಾಗಿ ನೋಡಿ ಲೆಕ್ಕ ಹಾಕಿದ್ದಾರೆ. ಈ ಒದೆತ ಬಿದ್ದರೆ ಗೆದ್ದೆವು ಎಂಬ ಗಳಿಗೆಯಲ್ಲಿ ಆಟಗಾರರು ಹತ್ತಕ್ಕೆ ಒಂಬತ್ತಕ್ಕಿಂತಲೂ ಹೆಚ್ಚು ಸಲ ಗೋಲು ಹಾಕುತ್ತಾರೆ. ಇದು ತಪ್ಪಿದರೆ ಸೋತೆವು ಎಂಬ ಗಳಿಗೆಯಲ್ಲಿ ಆ ಲೆಕ್ಕ ಆರರ ಆಸುಪಾಸಿಗೆ ಇಳಿಯುತ್ತದೆ. ಅದೇ ಕಾಲು, ಅದೇ ಚೆಂಡು, ಅದೇ ಹನ್ನೆರಡು ಗಜ! ಅವರು ಕಂಡ ಇನ್ನೊಂದು ಸಂಗತಿ ನನಗೆ ಇನ್ನೂ ಸ್ವಾರಸ್ಯವಾಗಿ ತೋರಿತು. ಅಂಜಿದವರು ಅವಸರ ಮಾಡುತ್ತಾರೆ. ಗೋಲ್‌ಕೀಪರನಿಗೆ ಬೆನ್ನು ತಿರುಗಿಸಿ ಹಿಂದೆ ನಡೆದು, ರೆಫ್ರಿಯ ಸೀಟಿ ಕೇಳಿಸಿತೋ ಇಲ್ಲವೋ ಓಡಿ ಬಂದು ಒದ್ದುಬಿಡುತ್ತಾರೆ. ಹಲ್ಲು ಕೀಳಿಸಿಕೊಳ್ಳಲು ಹೋದವನು ‘ಬೇಗ ಮುಗಿಸಿ ಡಾಕ್ಟರೇ’ ಎನ್ನುವ ಹಾಗೆ. ದೊಡ್ಡ ಪಂದ್ಯಾವಳಿಗಳಲ್ಲಿ ಇಂಗ್ಲೆಂಡಿನವರು ಈ ಅವಸರಕ್ಕೆ ಹೆಸರಾಗಿದ್ದರು. ಒಂದರ ಮೇಲೊಂದು ಸೋತೂ ಇದ್ದರು. 1996ರಲ್ಲಿ ಜರ್ಮನಿಯ ವಿರುದ್ಧ ಪೆನಾಲ್ಟಿ ಕಳೆದುಕೊಂಡ ಗ್ಯಾರೆತ್ ಸೌತ್‌ಗೇಟ್ ಮುಂದೆ ಅದೇ ತಂಡದ ತರಬೇತುದಾರನಾದಾಗ, ಹುಡುಗರಿಗೆ ಒದೆಯುವುದರ ಜೊತೆಗೆ ನಿಲ್ಲುವುದು, ನಡೆದು ಹೋಗುವುದು, ಉಸಿರು ತೆಗೆದುಕೊಳ್ಳುವುದು ಎಲ್ಲವನ್ನೂ ಅಭ್ಯಾಸ ಮಾಡಿಸಿದ. 2018ರಲ್ಲಿ ಕೊಲಂಬಿಯಾದ ವಿರುದ್ಧ ಇಂಗ್ಲೆಂಡ್ ವಿಶ್ವಕಪ್ಪಿನಲ್ಲಿ ಮೊದಲ ಸಲ ಪೆನಾಲ್ಟಿಗಳಿಂದ ಗೆದ್ದಿತು. 2021ರ ಯುರೋಪಿಯನ್ ಫೈನಲ್ಲಿನಲ್ಲಿ ಮತ್ತೆ ಸೋತರು. ಕೊನೆಯ ಒದೆತ ಹತ್ತೊಂಬತ್ತು ವರ್ಷದ ಬುಕಾಯೊ ಸಾಕಾನದು. ಆ ಹುಡುಗನನ್ನು ಅವನ ಮೈಬಣ್ಣ ಹಿಡಿದು ಹೀನಾಯವಾಗಿ ಬೈದವರಿದ್ದರು. 2024ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ವಿರುದ್ಧ ಅವನೇ ಮತ್ತೆ ನಡೆದು ಬಂದು, ನಿಂತು, ಒದ್ದು ಗೋಲು ಹಾಕಿದ. ಆ ರಾತ್ರಿ ನಾನೂ ಹುಡುಗನೂ ಜೊತೆಗೇ ನೋಡಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಪರದೇಶದವರ ಮಾತಾಯಿತು, ನಮ್ಮವರದೇನು? 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ, ಬಹುಮಂದಿ ಬರಿಗಾಲಿನಲ್ಲಿಯೇ, ಫ್ರಾನ್ಸಿನೆದುರು ಆಡಿ 2–1ರಿಂದ ಸೋತಿತು. ನಮ್ಮ ಆ ಒಂದು ಗೋಲು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್ ಅವರದು. ಆ ಪಂದ್ಯದಲ್ಲಿ ನಮಗೆ ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ವ್ಯರ್ಥವಾದವು. ಎಂಟು ವರ್ಷಗಳ ಮೇಲೆ ಮೆಲ್ಬೋರ್ನಿನಲ್ಲಿ ನಮ್ಮ ಮುಂಬಯಿಯ ನೆವಿಲ್ ಡಿಸೋಜಾ ಆಸ್ಟ್ರೇಲಿಯದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಇದ್ದ ಆ ತಂಡ ನಾಲ್ಕನೆಯ ಸ್ಥಾನಕ್ಕೆ ಬಂದಿತು.

ನನಗೆ ಅತ್ಯಂತ ಪ್ರಿಯವಾದದ್ದು 1962ರ ಜಕಾರ್ತಾದ ಕಥೆ. ಏಷ್ಯನ್ ಕ್ರೀಡಾಕೂಟದ ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯದೆದುರು 2–0 ಸೋಲು. ರಾಜಕೀಯದ ಗದ್ದಲದಿಂದಾಗಿ ಊರ ಜನವೆಲ್ಲ ಭಾರತದವರ ಮೇಲೆ ಸಿಟ್ಟಿಗೆದ್ದಿದ್ದರು. ಮೈದಾನಕ್ಕೆ ಕಾಲಿಟ್ಟರೆ ಕೂಗಾಟ. ಜರ್ನೈಲ್ ಸಿಂಗರ ತಲೆಯೊಡೆದು ಹೊಲಿಗೆ ಬಿದ್ದಿತ್ತು. ಹೈದರಾಬಾದಿನ ತರಬೇತುದಾರ ಸೈಯದ್ ಅಬ್ದುಲ್ ರಹೀಮ್, ಹಿಂದೆ ಶಾಲಾ ಮಾಸ್ತರರಾಗಿದ್ದವರು, ಆಗಲೇ ಕ್ಯಾನ್ಸರಿನಿಂದ ಬಳಲುತ್ತಿದ್ದರು. ಅವರು ಮಾಡಿದ್ದೇನು? ರಕ್ಷಣಾ ಆಟಗಾರ ಜರ್ನೈಲರನ್ನು ಮುಂದಿನ ಸಾಲಿಗೆ ಕಳಿಸಿದರು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಅದೇ ಕೊರಿಯ. ಪಿ.ಕೆ. ಬ್ಯಾನರ್ಜಿಯವರದೊಂದು, ಜರ್ನೈಲರದೊಂದು ಗೋಲು, 2–1, ಚಿನ್ನ. ಮುಂದಿನ ಜೂನ್ ತಿಂಗಳಲ್ಲಿ ರಹೀಮ್ ತೀರಿಕೊಂಡರು. ಅವರಿಗೆ ಪ್ರಶ್ನಾವಳಿಯೂ ಇರಲಿಲ್ಲ, ಅಂಕವೂ ಇರಲಿಲ್ಲ. ಯಾವ ಹುಡುಗನಿಗೆ ಯಾವ ಮಾತು, ಯಾವ ಜಾಗ ಎಂಬುದು ಗೊತ್ತಿತ್ತು.

ಇತ್ತೀಚಿನದು ಬೇಕೆಂದರೆ 2023ರ ಜುಲೈ 4ರ ರಾತ್ರಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಕುವೈತಿನೊಡನೆ ದಕ್ಷಿಣ ಏಷ್ಯದ ಪಂದ್ಯಾವಳಿಯ ಫೈನಲ್. 1–1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಐದೈದು ಒದೆತವಾದರೂ ಸಮ. ಆರನೆಯದನ್ನು ನವೊರೆಮ್ ಮಹೇಶ್ ಸಿಂಗ್ ಗೋಲಾಗಿಸಿದ. ಕುವೈತಿನ ನಾಯಕನ ಒದೆತವನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದ. ಡೊಂಬಿವಲಿಯ ನಮ್ಮ ಮಹಡಿಯಲ್ಲಿ ಕೂಗು ಎದ್ದಾಗ ಕೆಳಗಿನ ಮನೆಯ ಮರಾಠಿ ಅಜ್ಜಿ ಕಳ್ಳ ಬಂದನೆಂದು ದೀಪ ಹಾಕಿದರು. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕದ ಹುಡುಗರು ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಿದ್ದರು. 1968–69ರಲ್ಲಿ ‘ಮೈಸೂರು’ ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಮತ್ತೆ ಗೆಲ್ಲಲು ಹಿಡಿದ ಕಾಲ ಅರ್ಧ ಶತಮಾನಕ್ಕೂ ಹೆಚ್ಚು.

ನಮ್ಮ ಹುಡುಗನ ವಿಷಯಕ್ಕೆ ಬರೋಣ. ಮೈದಾನದಲ್ಲಿ ಒಬ್ಬ ಹಳೆಯ ಗೋಲ್‌ಕೀಪರ್ ದಿನವೂ ಸಂಜೆ ಬಂದು ಕೂರುತ್ತಾರೆ. ಮೊಣಕಾಲು ಎರಡೂ ಕೆಟ್ಟಿವೆ, ನಾಲಿಗೆ ಮಾತ್ರ ಚುರುಕು. ಅವರು ಇವನನ್ನು ಹಿಡಿದುಕೊಂಡರು. ಆಟವೆಲ್ಲ ಮುಗಿದು ಕಾಲು ಸೋತ ಮೇಲೆ ಹತ್ತು ಪೆನಾಲ್ಟಿ ಒದೆಯಬೇಕು. ಚೆಂಡನ್ನು ತಾನೇ ಇಡಬೇಕು, ಗೋಲಿನ ಕಡೆಗೆ ಮುಖವಿಟ್ಟೇ ನಾಲ್ಕು ಹೆಜ್ಜೆ ಹಿಂದೆ ಬರಬೇಕು, ಒಂದು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು, ಆಮೇಲೆ ಒದೆಯಬೇಕು. ಯಾವ ಮೂಲೆ ಎಂಬುದನ್ನು ಚೆಂಡು ಇಡುವಾಗಲೇ ತೀರ್ಮಾನಿಸಿ ಮತ್ತೆ ಬದಲಿಸಕೂಡದು. ಸುತ್ತ ನಿಂತ ಹುಡುಗರು ಬಾಯಿಗೆ ಬಂದಂತೆ ಹೀಯಾಳಿಸಬೇಕು. ಈ ಕೆಲಸಕ್ಕೆ ಮುಂಬಯಿಯಲ್ಲಿ ಜನಕ್ಕೆ ಕೊರತೆಯಿಲ್ಲ. ಮೊದಲ ವಾರ ಹತ್ತಕ್ಕೆ ನಾಲ್ಕು. ಮಳೆಗಾಲ ಮುಗಿಯುವ ಹೊತ್ತಿಗೆ ಏಳು, ಎಂಟು. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಗುಮಾಸ್ತನಾಗುವ ಲಕ್ಷಣ ಅಲ್ಲೇ ಕಂಡಿತು.

ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿ 1977ರಲ್ಲಿ, ತನ್ನಿಂದಾಗುತ್ತದೆ ಎಂಬ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದರು. ಎಲ್ಲಕ್ಕಿಂತ ಬಲವಾದದ್ದು ತಾನೇ ಮಾಡಿ ಕಂಡದ್ದು; ಆಮೇಲೆ ತನ್ನಂಥವರು ಮಾಡಿದ್ದನ್ನು ನೋಡಿದ್ದು; ಬೇರೆಯವರ ಹುರಿದುಂಬಿಸುವ ಮಾತಿಗೆ ಬಲ ಅಷ್ಟಿಲ್ಲ. ಈ ಕಡೆಯದನ್ನು ನಮ್ಮ ಸಂಘದ ತಾಯಿತಂದೆಗಳಿಗೆ ಕೈಮುಗಿದು ಹೇಳಬೇಕೆನಿಸುತ್ತದೆ. ವಾರ್ಷಿಕ ಕ್ರೀಡಾದಿನದಂದು ಲಿಂಬೆಹಣ್ಣು-ಚಮಚದ ಓಟಕ್ಕೆ ನಿಂತ ಆರು ವರ್ಷದ ಕೂಸಿಗೆ ‘ಫಸ್ಟ್ ಬರಬೇಕು, ಫಸ್ಟ್!’ ಎಂದು ಹಗ್ಗದಾಚೆಯಿಂದ ಕಿರುಚುವವರ ಮುಖ ನೋಡಿದರೆ ಲಿಂಬೆಹಣ್ಣಿಗೂ ನಡುಕ ಬಂದೀತು. ಪರಊರಿನಲ್ಲಿ ನೆಲೆ ಕಂಡುಕೊಳ್ಳಲು ನಾವು ಪಟ್ಟ ಪಾಡು ಮಕ್ಕಳ ಚಮಚದಲ್ಲಿ ಹೋಗಿ ಕೂರುತ್ತದೋ ಏನೋ.

ಈ ಪ್ರಸಂಗದಲ್ಲಿ ನನ್ನಾಕೆಯ ಪಾಲು ಪುಸ್ತಕದಲ್ಲಿಲ್ಲದ್ದು. ಎರಡನೆಯ ಟ್ರಯಲ್ಲಿಗೆ ವಾರವಿರುವಾಗಲೇ ಅವಳು ಊರಿಗೆ ಫೋನು ಮಾಡಿ, “ಅಪ್ಪಯ್ಯ, ಮುಗಿಯುವವರೆಗೆ ನೀವು ಅವನಿಗೆ ಫೋನು ಮಾಡಬಾರದು. ನನಗೆ ಮಾಡಿ,” ಎಂದಳು. ಆ ಕಡೆ ಸ್ವಲ್ಪ ಹೊತ್ತು ಮೌನ. “ಮಳೆ ಉಂಟಾ ಅಲ್ಲಿ ಅಂತ ಕೇಳಬಹುದಾ?” ಎಂದರಂತೆ ಮಾವನವರು. ಅದಕ್ಕೆ ಅಪ್ಪಣೆ ಸಿಕ್ಕಿತು. ಆ ವಾರ ದಿನಕ್ಕೆರಡು ಸಲ ಮುಂಬಯಿಯ ಹವಾಮಾನ ಉಡುಪಿಗೆ ವರದಿಯಾಯಿತು.

ಟ್ರಯಲ್ಲಿನ ದಿನವೂ ಹುಡುಗ ಪಾಯಖಾನೆಗೆ ಮೂರು ಸಲ ಹೋದ. ಕೈ ತಣ್ಣಗೇ ಇತ್ತು. “ಬಂತು ಭಾವ,” ಎಂದ ಗಾಡಿಯಲ್ಲಿ, ನೆಂಟರು ಬಂದರೆನ್ನುವ ಧಾಟಿಯಲ್ಲಿ. ಆಟದ ಮೊದಲ ಭಾಗದಲ್ಲಿಯೇ ಪೆನಾಲ್ಟಿ ಸಿಕ್ಕಿ, ಇವನನ್ನೇ ಕರೆದರು. ಚೆಂಡನ್ನಿಟ್ಟ; ನಾಲ್ಕು ಹೆಜ್ಜೆ; ಉಸಿರು; ಎಡ ಮೂಲೆಗೆ ಸರಿಯಾಗಿಯೇ ಒದ್ದ. ಗೋಲ್‌ಕೀಪರ್ ನೀಳವಾಗಿ ಹಾರಿ ಬೆರಳ ತುದಿಯಿಂದ ಹೊರಗೆ ತಳ್ಳಿದ. ಹಗ್ಗದಾಚೆ ನನಗೆ ವಡಾಪಾವ್ ಗಂಟಲಲ್ಲಿ ನಿಂತಿತು. ಹುಡುಗ ಒಂದು ಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಂತು, ಕಾರ್ನರಿಗೆ ಚೆಂಡು ತರಲು ತಾನೇ ಓಡಿದ. ಮುಂದೆ ಪೂರ್ತಿ ಹೊತ್ತು ಆಡಿದ. ಎರಡು ಗೋಲು ಬೇರೆಯವರಿಗೆ ಮಾಡಿಕೊಟ್ಟ. ಯಾರೂ ಹೊರಗೆ ಕರೆಯಲಿಲ್ಲ.

ಮೂರು ವಾರದ ಮೇಲೆ ಪಟ್ಟಿ ಬಂತು. ಕಾಯುವವರ ಯಾದಿಯಲ್ಲಿ ಎರಡನೆಯ ಹೆಸರು ಅವನದು. ಮೇಲಿನವರಲ್ಲಿ ಇಬ್ಬರು ಬಾರದಿದ್ದರೆ ಇವನಿಗೆ ಕರೆ. ಇನ್ನೊಂದು ಇಲಾಖೆಯ ಟ್ರಯಲ್ ಮುಂದಿನ ತಿಂಗಳಿದೆ. ಅರ್ಜಿಯ ಮೂರು ಪ್ರತಿಗಳನ್ನು ನಿನ್ನೆ ನಾನೇ ತುಂಬಿಸಿದೆ, ಅವನ ಕೈಬರಹ ಯಾರಿಗೂ ತಿಳಿಯದು. ಮಾವನವರಿಗೆ ಸುದ್ದಿ ಮುಟ್ಟಿಸಿದಾಗ “ಎರಡನೆಯದಾ?” ಎಂದು ಎರಡು ಸಲ ಕೇಳಿ, ಮಳೆ ಉಂಟಾ ಎಂದರು. ಹುಡುಗ ಆಗಲೇ ಬೂಟು ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ.